ಮಕ್ಕಳನ್ನು ನೋಡಿಕೊಳ್ಳುವುದಕ್ಕೂ ತರಬೇತಿಯೇ? ಕಾಸರಗೋಡಿನಲ್ಲಿ ಮೂರು ತಿಂಗಳು ಕಲಿತು ಬಂದವಳ ಮಾತು

ರಂಬುಟಾನ್ ಹಣ್ಣಿನ ಸಿಪ್ಪೆ ಸುಲಿದರೆ ಒಳಗಿನ ತಿರುಳು ಎಷ್ಟು ನುಣುಪು ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಎರಡು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಮಧ್ಯಾಹ್ನ, ಅದು ಎರಡೂವರೆ ವರ್ಷದ ಹುಡುಗನೊಬ್ಬನ ಗಂಟಲಿಗೆ ಜಾರಿತು. ನಮ್ಮ ಮನೆಯ ಜಗಲಿಯಲ್ಲಿ, ನನ್ನ ಕಣ್ಣೆದುರಿಗೇ. ಹುಡುಗ ಅಳಲಿಲ್ಲ; ಅಳುವುದಕ್ಕೂ ಉಸಿರು ಬೇಕಲ್ಲ. ಬಾಯಿ ತೆರೆದಿತ್ತು, ಸ್ವರ ಇರಲಿಲ್ಲ, ತುಟಿಯ ಸುತ್ತ ಬಣ್ಣ ಕಂದುತ್ತಿತ್ತು. ನಾನು ಅವನ ಬಾಯಿಗೆ ಬೆರಳು ಹಾಕಿ ತಡಕಾಡಿದೆ. ಪಕ್ಕದ ಮನೆಯ ಅಕ್ಕ ಓಡಿ ಬಂದು ನೆತ್ತಿಗೆ ತಟ್ಟಿದರು, ನೀರು ಕುಡಿಸು ಎಂದರು. ಗಾಬರಿಯಲ್ಲಿ ಅವನನ್ನು ತಲೆಕೆಳಗಾಗಿ ಎತ್ತಿದೆ, ಬೆನ್ನಿಗೆ ಹೊಡೆದೆ, ಹಣ್ಣು ಹೊರಬಿತ್ತು. ಅವನ ಆಯುಸ್ಸು ಗಟ್ಟಿಯಿತ್ತು, ಅಷ್ಟೇ.

ಸಂಜೆ ಅವನ ತಾಯಿಗೆ ಎಲ್ಲವನ್ನೂ ಹೇಳಿದೆ. ಆಕೆ ಮಗುವನ್ನು ಎದೆಗವಚಿಕೊಂಡು ಹೋದರು. ಮರುದಿನ ಬೆಳಿಗ್ಗೆ ಎಂದಿನಂತೆ ತಂದು ನನ್ನ ಕೈಗೇ ಕೊಟ್ಟರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ ನಮ್ಮ ಮನೆಯಲ್ಲಿ ಏಳು ವರ್ಷಗಳಿಂದ ಬೇರೆಯವರ ಮಕ್ಕಳನ್ನು ಹಗಲಿಡೀ ನೋಡಿಕೊಳ್ಳುತ್ತಿದ್ದೇನೆ. ಮೊದಲ ಮಗು ಬೆಳಿಗ್ಗೆ ಆರೂವರೆಗೆ ಬರುತ್ತದೆ. ತಾಯಿ ಮಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್, ಕುಂಬಳೆಯಲ್ಲಿ ರೈಲು ಹಿಡಿಯಬೇಕು. ಉಳಿದವರು ಶಾಲೆಯ ಟೀಚರುಗಳ, ಬ್ಯಾಂಕಿನವರ ಮಕ್ಕಳು. ಎಲ್ಲರೂ ನನ್ನನ್ನು ದೊಡ್ಡಮ್ಮ ಎಂದೇ ಕರೆಯುತ್ತಾರೆ. ಈ ಕೆಲಸ ಏಕೆ ಬೇಕಾಯಿತು ಎಂದರೆ ಲೆಕ್ಕ ಸರಳ. ಹೆರಿಗೆ ಸೌಲಭ್ಯದ ಕಾನೂನಿಗೆ ಬಂದ 2017ರ ತಿದ್ದುಪಡಿಯ ಮೇಲೆ ಹೆರಿಗೆ ರಜೆ 26 ವಾರ. ಅಂದರೆ ಮಗುವಿಗೆ ಆರು ತಿಂಗಳು ತುಂಬುವಾಗ ತಾಯಿ ಕೆಲಸಕ್ಕೆ ಮರಳಬೇಕು. ಅಂಗನವಾಡಿಯಲ್ಲಿ ಮಕ್ಕಳನ್ನು ಕೂರಿಸಿ ಕಲಿಸುವುದು ಮೂರು ವರ್ಷದ ಮೇಲೆ. ಅದೇ ಕಾನೂನು ಶಿಶುಪಾಲನಾ ಕೇಂದ್ರ ಇರಲೇಬೇಕು ಎನ್ನುವುದು 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆಗೆ. ಬದಿಯಡ್ಕದ ಒಂದು ಬ್ಯಾಂಕ್ ಶಾಖೆಯಲ್ಲಿ ಎಷ್ಟು ಜನ ಇರುತ್ತಾರೆ? ಆರು ತಿಂಗಳಿಂದ ಮೂರು ವರ್ಷದ ವರೆಗಿನ ಆ ಅಂತರದಲ್ಲಿ ಅಜ್ಜಿ ಇಲ್ಲದ ಮನೆಯ ಮಗು ನನ್ನಂಥವಳ ಜಗಲಿಗೆ ಬರುತ್ತದೆ.

ತರಬೇತಿಗೆ ಹೋಗುತ್ತೇನೆ ಎಂದಾಗ ನಮ್ಮ ಅತ್ತೆ, “ಎರಡು ಹೆತ್ತು ಸಾಕಿದವಳಿಗೆ ಇನ್ನೇನು ಕಲಿಸುತ್ತಾರಂತೆ?” ಎಂದು ಕೇಳಿದರು. ರಂಬುಟಾನ್ ಬೀಳುವ ವರೆಗೆ ನಾನೂ ಹಾಗೆಯೇ ತಿಳಿದಿದ್ದೆ.

ನಾನು ಸೇರಿದ್ದು ಕಾಸರಗೋಡಿನ ಹೊಸ ಬಸ್ ನಿಲ್ದಾಣದ ಆಸುಪಾಸಿನ ಒಂದು ಖಾಸಗಿ ತರಬೇತಿ ಕೇಂದ್ರಕ್ಕೆ. ಹೆಸರು ಬರೆಯುವುದಿಲ್ಲ. ಹೆಸರಿಗಿಂತ, ಇಂಥ ಕೇಂದ್ರಕ್ಕೆ ಹಣ ಕಟ್ಟುವ ಮೊದಲು ನಮ್ಮ ಹೆಂಗಸರು ಏನನ್ನು ಕೇಳಿ ತಿಳಿದುಕೊಳ್ಳಬೇಕು ಎಂಬುದು ಮುಖ್ಯ. ಶನಿವಾರ, ಭಾನುವಾರ ಮಾತ್ರ ತರಗತಿ, ಮೂರು ತಿಂಗಳು. ಶುಲ್ಕ 7,500 ರೂಪಾಯಿ. ಪರೀಕ್ಷೆಗೆಂದು ಇನ್ನೂ 1,000 ಕಟ್ಟಬೇಕು ಎನ್ನುವುದನ್ನು ಎರಡನೆಯ ತಿಂಗಳಲ್ಲಿ ಹೇಳಿದರು. ಕರಪತ್ರದಲ್ಲಿ 120 ಗಂಟೆ ಎಂದಿತ್ತು. ನನ್ನ ನೋಟ್ ಪುಸ್ತಕದ ಲೆಕ್ಕದಲ್ಲಿ 94 ಗಂಟೆ ನಡೆಯಿತು. ಬದಿಯಡ್ಕಕ್ಕೆ ಬಂದು, ಚೆರ್ಕಳದ ಮೇಲೆ ಹೋಗುವ ಬಸ್ ಹಿಡಿದು, ಒಂಬತ್ತೂವರೆಗೆ ಮುಟ್ಟಿ, ಬಾಗಿಲಿಗೆ ಬೀಗ ಇದ್ದುದನ್ನು ಕಂಡ ದಿನಗಳು ಮೂರು. ಮುಂಚಿತವಾಗಿ ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಆದರೂ ಹೇಳುತ್ತೇನೆ, ಆ 94 ಗಂಟೆಗಳಲ್ಲಿ ನಿವೃತ್ತ ಸಿಸ್ಟರ್ ಒಬ್ಬರು ತೆಗೆದುಕೊಂಡ ನಾಲ್ಕು ದಿನಗಳಿಗೆ ನಾನು ಇಡೀ ಶುಲ್ಕವನ್ನು ಮತ್ತೊಮ್ಮೆ ಕೊಡಲು ಸಿದ್ಧ. ಮಕ್ಕಳ ವಾರ್ಡಿನಲ್ಲಿ ಮೂವತ್ತು ವರ್ಷ ದುಡಿದವರು. ಮಲಯಾಳದಲ್ಲಿ ಆರಂಭಿಸಿ, ನಮ್ಮ ಮುಖ ನೋಡಿ ತುಳುವಿಗೆ ಬಂದು, ಕನ್ನಡದಲ್ಲಿ ಮುಗಿಸುತ್ತಿದ್ದರು. ಅವರು ರಬ್ಬರಿನ ಒಂದು ಮಗುವನ್ನು ಮೇಜಿನ ಮೇಲೆ ಮಲಗಿಸಿ ಮೊದಲು ಕೇಳಿದ್ದು: “ಗಂಟಲಿಗೆ ಏನೋ ಸಿಕ್ಕಿಕೊಂಡಿದೆ. ಏನು ಮಾಡುತ್ತೀರಿ?” ಹದಿನೆಂಟು ಹೆಂಗಸರಲ್ಲಿ ಹದಿನಾರು ಮಂದಿ ಬೆರಳು ಹಾಕುತ್ತೇವೆ ಎಂದೆವು. ಸಿಸ್ಟರ್ ನಗಲಿಲ್ಲ. ಕಣ್ಣಿಗೆ ಕಾಣದ ವಸ್ತುವನ್ನು ಬೆರಳಿನಿಂದ ತಡಕಿದರೆ ಅದು ಇನ್ನೂ ಆಳಕ್ಕೆ ಹೋಗುತ್ತದೆ ಎಂದು ಗಂಟಲಿನ ಚಿತ್ರ ಬಿಡಿಸಿ ತೋರಿಸಿದರು.

ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಆ ಕೆಮ್ಮಿಗಿಂತ ಒಳ್ಳೆಯ ಔಷಧವಿಲ್ಲ. ಕೆಮ್ಮು, ಅಳು, ಸ್ವರ ಎಲ್ಲವೂ ನಿಂತಿದ್ದರೆ ಮಾತ್ರ ನಮ್ಮ ಕೈ ಏಳಬೇಕು. ಒಂದು ವರ್ಷದೊಳಗಿನ ಕೂಸನ್ನು ಮುಂಗೈಯ ಉದ್ದಕ್ಕೆ ಬೋರಲಾಗಿ, ತಲೆ ಕೆಳಗೆ ಬರುವಂತೆ ಮಲಗಿಸಿ, ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಹೊಡೆಯುವುದು. ಬರದಿದ್ದರೆ ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತುವುದು. ಕೂಸಿನ ಹೊಟ್ಟೆಯನ್ನು ಒತ್ತಲೇಬಾರದು. ಒಂದು ವರ್ಷ ದಾಟಿದ ಮಗುವಿಗೆ ಬೆನ್ನಿಗೆ ಐದು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ ಐದು. ಹಾಗೆ ಸರದಿಯಂತೆ, ವಸ್ತು ಹೊರಬರುವ ತನಕ. ಮಗು ಪ್ರಜ್ಞೆ ತಪ್ಪಿದರೆ ಎದೆ ಒತ್ತುವುದನ್ನು ಆರಂಭಿಸಬೇಕು: ಮೂವತ್ತು ಒತ್ತು, ಎರಡು ಉಸಿರು. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಆಳ ಎದೆಯ ಮೂರನೆಯ ಒಂದು ಭಾಗ, ಕೂಸಿಗಾದರೆ ಸುಮಾರು ನಾಲ್ಕು ಸೆಂಟಿಮೀಟರ್. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು.

ಇದನ್ನೆಲ್ಲ ಓದಿದರೆ ಸುಲಭ. ಆ ರಬ್ಬರ್ ಮಗುವಿನ ಎದೆಯೊಳಗೆ ಒಂದು ಗುಂಡಿ ಇತ್ತು. ಸರಿಯಾದ ಆಳಕ್ಕೆ ಒತ್ತಿದರೆ ಮಾತ್ರ ಟಕ್ ಎನ್ನುತ್ತಿತ್ತು. ಮೊದಲ ದಿನ ನನ್ನ ಕೈಯಲ್ಲಿ ಅದು ಒಮ್ಮೆಯೂ ಟಕ್ ಎನ್ನಲಿಲ್ಲ. ಮಗುವಿಗೆ ನೋವಾದೀತು ಎಂದು ಕೈ ತಾನಾಗಿ ಹಿಂಜರಿಯುತ್ತಿತ್ತು. “ನೋವಿನ ಲೆಕ್ಕ ಆಮೇಲೆ ಮಾಡೋಣ, ಮೊದಲು ಜೀವ ಬರಲಿ” ಎಂದು ಸಿಸ್ಟರ್ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು ಒತ್ತಿಸಿದರು. ನಾಲ್ಕನೆಯ ದಿನಕ್ಕೆ ಟಕ್ ಟಕ್ ಎಂದು ಒಂದೇ ಸಮನೆ ಬಂದಾಗ ನನಗೆ ಅಳು ಬಂತು. ಮೊಬೈಲಿನಲ್ಲಿ ನೂರು ವಿಡಿಯೊ ನೋಡಿದರೂ ಆ ಅಂದಾಜು ಕೈಗೆ ಬರುವುದಿಲ್ಲ. ಆದ್ದರಿಂದ ಯಾವುದೇ ಕೇಂದ್ರಕ್ಕೆ ಸೇರುವ ಮೊದಲು ಕೇಳಿ: ಅಭ್ಯಾಸಕ್ಕೆ ಗೊಂಬೆ ಇದೆಯೇ, ಎಷ್ಟು ಜನಕ್ಕೆ ಎಷ್ಟು ಗೊಂಬೆ, ನನ್ನ ಕೈಗೆ ಅದು ಎಷ್ಟು ಹೊತ್ತು ಸಿಗುತ್ತದೆ? ಗೊಂಬೆ ಇಲ್ಲದ ಕಡೆ ಹಣ ಕಟ್ಟಬೇಡಿ.

ಸಿಸ್ಟರ್ ಅಜ್ಜಿಯರ ಪದ್ಧತಿಗಳನ್ನು ಹೀಗಳೆಯಲಿಲ್ಲ. ಯಾವುದನ್ನು ಏಕೆ ಬಿಡಬೇಕು ಎಂದು ಹೇಳಿದರು. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದು ನಮ್ಮಲ್ಲಿ ಎಲ್ಲ ಮನೆಯಲ್ಲೂ ಉಂಟು. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೂಡದು, ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಆ ವಯಸ್ಸಿನ ಕರುಳಿನಲ್ಲಿ ಬೆಳೆದು ವಿಷವಾಗುತ್ತದೆ ಎಂದು ಅವರು ಬಿಡಿಸಿ ಹೇಳಿದ ಮೇಲೆ ನಾನು ಅದನ್ನು ಅತ್ತೆಗೆ ಹೇಳಿದೆ. ಅವರು ಒಪ್ಪಿದರು. ಕೂಸನ್ನು ಬೆನ್ನ ಮೇಲೆಯೇ ಮಲಗಿಸಬೇಕು, ಬೋರಲಾಗಿ ಅಲ್ಲ ಎನ್ನುವುದಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ. ಹಿಂಡಿ ತಂದ ಎದೆಹಾಲನ್ನು ಹೊರಗೆ ಇಡಬಹುದಾದದ್ದು ನಾಲ್ಕು ಗಂಟೆ; ಅದೂ ತಂಪಾದ ಕೋಣೆಯಲ್ಲಿ. ಏಪ್ರಿಲ್ ತಿಂಗಳ ನಮ್ಮ ಸೆಕೆಯಲ್ಲಿ ಆ ನಾಲ್ಕನ್ನು ನಂಬಬೇಡಿ ಎಂದರು. ಅಂದಿನಿಂದ ನರ್ಸ್ ತಾಯಿ ತರುವ ಬಾಟಲಿಯ ಮೇಲೆ ಹಿಂಡಿದ ಹೊತ್ತನ್ನು ಬರೆಸಿಕೊಂಡು ನೇರವಾಗಿ ಫ್ರಿಜ್ಜಿಗೆ ಇಡುತ್ತೇನೆ.

ಆಹಾರದ ಪಾಠವೂ ಚೆನ್ನಾಗಿತ್ತು. ಅಂಗನವಾಡಿಯಿಂದ ಕೊಡುವ ಅಮೃತಂ ಪುಡಿಯನ್ನು ಎಷ್ಟೋ ಮನೆಗಳಲ್ಲಿ ದನಕ್ಕೆ ಹಾಕುವುದನ್ನು ನೋಡಿದ್ದೇನೆ. ಗೋಧಿ, ಕಡಲೆ, ನೆಲಗಡಲೆ, ಸೋಯಾ, ಸಕ್ಕರೆ ಸೇರಿದ ಆ ಪುಡಿಯನ್ನು ರೂಪಿಸಿದ್ದು ನಮ್ಮ ಕಾಸರಗೋಡಿನದೇ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ, ತಯಾರಿಸುವುದು ಕೇರಳದ ಮಹಿಳಾ ಸ್ವಸಹಾಯ ಸಂಘಟನೆ ಕುಟುಂಬಶ್ರೀಯ ಹೆಂಗಸರು ಎಂದು ತಿಳಿದಾಗ ಹೆಮ್ಮೆಯಾಯಿತು. ಜೊತೆಗೆ ಒಂದು ಎಚ್ಚರವೂ ಬಂತು: ನೆಲಗಡಲೆ ಇರುವುದರಿಂದ ಹೊಸ ಮಗು ಬಂದಾಗ ಅಲರ್ಜಿ ಇದೆಯೇ ಎಂದು ಮೊದಲೇ ಕೇಳಬೇಕು. ಏಳು ವರ್ಷಗಳಲ್ಲಿ ನಾನು ಯಾರನ್ನೂ ಆ ಪ್ರಶ್ನೆ ಕೇಳಿರಲಿಲ್ಲ.

ಪೋಕ್ಸೋ ಕಾಯಿದೆಗೆ ಒಂದೇ ಗಂಟೆ ಕೊಟ್ಟರು. ಸಾಲದು. 2012ರ ಆ ಕಾಯಿದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದವರು, ನಡೆಯಬಹುದೆಂಬ ಆತಂಕ ಇರುವವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ತಿಳಿದ ಅಪರಾಧವನ್ನು ಮುಚ್ಚಿಟ್ಟರೆ ಶಿಕ್ಷೆ ಇದೆ. ದಿನವೂ ಮಗುವಿನ ಬಟ್ಟೆ ಬದಲಿಸಿ ಮೈ ತೊಳೆಸುವವಳು ನಾನು. ಮನೆಯವರಿಗಿಂತ ಮೊದಲು ಗುರುತು ಕಾಣುವುದು ನನ್ನ ಕಣ್ಣಿಗೆ. ಕಂಡಾಗ ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು, ಮಗುವಿನ ಹತ್ತಿರ ಏನನ್ನು ಕೇಳಬಾರದು ಎನ್ನುವುದಕ್ಕೆ ಒಂದು ಇಡೀ ದಿನ ಮೀಸಲಿಡಬೇಕಿತ್ತು. ಸಿಕ್ಕಿದ್ದು 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ, ಮತ್ತು ಬೇಗ ಬೇಗ ತಿರುಗಿದ ಹತ್ತು ಚಿತ್ರಗಳು.

ಇನ್ನು ನನಗೆ ಸಿಟ್ಟು ಬಂದ ವಿಷಯಗಳು.

ಮನೆಯ ಸುರಕ್ಷತೆ ಎಂಬ ಅಧ್ಯಾಯ ಹದಿನಾಲ್ಕು ಪುಟ ಇತ್ತು. ಬಾಲ್ಕನಿಯ ಕಂಬಿ, ಲಿಫ್ಟಿನ ಬಾಗಿಲು, ವಿದ್ಯುತ್ ಪ್ಲಗ್ಗಿಗೆ ಮುಚ್ಚಳ. ನಮ್ಮ ಮನೆಗೆ ಬಾಲ್ಕನಿ ಇಲ್ಲ. ಬಾವಿ ಇದೆ, ತೋಟದ ಕೆರೆ ಇದೆ, ಬಚ್ಚಲಲ್ಲಿ ಹಂಡೆ ಇದೆ. ಮಳೆಗಾಲದ ಮೊದಲು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬೆರೆಸಲು ತಂದ ಮೈಲುತುತ್ತು ಕೊಟ್ಟಿಗೆಯ ಮೂಲೆಯಲ್ಲಿ ಇರುತ್ತದೆ. ನೀಲಿ ಕಲ್ಲುಸಕ್ಕರೆಯಂತೆ ಹೊಳೆಯುವ ಅದನ್ನು ಕಂಡ ಯಾವ ಮಗು ಸುಮ್ಮನಿದ್ದೀತು? ರಬ್ಬರ್ ತೋಟ ಇರುವ ಮನೆಗಳಲ್ಲಿ ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಆಸಿಡನ್ನು ನೀರಿನ ಹಳೆಯ ಬಾಟಲಿಗೆ ತುಂಬಿಸಿ ಇಟ್ಟಿರುತ್ತಾರೆ. ಬೇಲಿಯಲ್ಲಿ ಗುಲಗಂಜಿ ಬಳ್ಳಿ. ಕೆಂಪು ಕಪ್ಪು ಬೀಜ, ಜಗಿದು ನುಂಗಿದರೆ ವಿಷ. ಇವುಗಳಲ್ಲಿ ಒಂದೂ ಆ ಹದಿನಾಲ್ಕು ಪುಟಗಳಲ್ಲಿ ಇರಲಿಲ್ಲ. ಬೇರೆ ಯಾವುದೋ ನಗರದ ಪುಸ್ತಕವನ್ನು ಎತ್ತಿ ತಂದು ಕಾಸರಗೋಡಿನ ಹಳ್ಳಿಯವರಿಗೆ ಓದಿಸಿದ್ದಾರೆ. ನಾನು ಎದ್ದು ಕೇಳಿದ್ದರಿಂದ ಸಿಸ್ಟರ್ ಆಸಿಡ್ ವಿಷಯ ಹೇಳಿದರು: ಕುಡಿದ ಮಗುವನ್ನು ವಾಂತಿ ಮಾಡಿಸಬಾರದು, ಗಂಟಲು ಎರಡನೆಯ ಸಲ ಸುಡುತ್ತದೆ, ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ನೇರ ಆಸ್ಪತ್ರೆಗೆ. ಉಪ್ಪುನೀರು ಕುಡಿಸಿ ಕಕ್ಕಿಸಬೇಕು ಎಂದೇ ನಾವೆಲ್ಲರೂ ತಿಳಿದಿದ್ದೆವು.

ಎರಡನೆಯದು ಭಾಷೆ. ಹದಿನೆಂಟು ಮಂದಿಯಲ್ಲಿ ಕನ್ನಡದಲ್ಲಿ ಓದಿದವರು ಐವರು. ಪುಸ್ತಕ ಮಲಯಾಳದಲ್ಲಿ, ಪರೀಕ್ಷೆ ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ. ಮಲಯಾಳ ಮಾತು ನನಗೆ ಸರಾಗ, ಅಕ್ಷರವನ್ನು ತಡವರಿಸಿ ಓದುತ್ತೇನೆ. 1994ರಲ್ಲಿ ಪ್ರೀ ಡಿಗ್ರಿ ಮುಗಿಸಿದವಳು ನಾನು. ಮವ್ವಾರಿನಿಂದ ಬರುತ್ತಿದ್ದ, ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ವರೆಗೆ ಓದಿದ್ದ ಗೆಳತಿಗೆ ಅದೂ ಸಾಧ್ಯವಿರಲಿಲ್ಲ. ರಬ್ಬರ್ ಮಗುವಿನ ಎದೆಯಲ್ಲಿ ಎಲ್ಲರಿಗಿಂತ ಮೊದಲು ಟಕ್ ಎನಿಸಿದವಳು ಆಕೆ. ಬರೆಯುವ ಪರೀಕ್ಷೆಯಲ್ಲಿ ಅನುತ್ತೀರ್ಣಳಾದಳು. ಕನ್ನಡದಲ್ಲಿ ಪ್ರಶ್ನೆ ಕೊಡಿ ಎಂದು ನಾವು ಐವರೂ ಅರ್ಜಿ ಬರೆದುಕೊಟ್ಟಿದ್ದೆವು. ಉತ್ತರ ಬರಲಿಲ್ಲ. ಸಪ್ತಭಾಷೆಗಳ ಜಿಲ್ಲೆ ಎಂದು ಸಭೆಗಳಲ್ಲಿ ಹೇಳುವುದು ಸುಲಭ. ತುಳು ಮನೆಯ, ಬ್ಯಾರಿ ಮನೆಯ, ಮರಾಠಿ ಮನೆಯ ಮಗುವನ್ನು ನೋಡಿಕೊಳ್ಳುವವಳಿಗೆ ಅವಳ ಓದಿನ ಭಾಷೆಯಲ್ಲಿ ಹತ್ತು ಪುಟ ಅಚ್ಚು ಹಾಕಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ.

ಮೂರನೆಯದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಗೇರು ತೋಟಗಳ ಮೇಲೆ 2000ದ ವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಿಲ್ಲೆ ಇದು. ಆ ವಿಷ ಬಿದ್ದ ಎಣ್ಮಕಜೆಯಂಥ ಊರಿನ ಮನೆಗಳಲ್ಲಿ ಅಮ್ಮಂದಿರು ಅಂಗವೈಕಲ್ಯವಿರುವ ಮಕ್ಕಳಿಗಾಗಿ ಏನೇನು ಅನುಭವಿಸಿದ್ದಾರೆ ಎಂಬುದು ಎಲ್ಲರಿಗೂ ಗೊತ್ತು. ಸ್ವಲ್ಪ ದೊಡ್ಡ ಮಕ್ಕಳಿಗಾದರೆ ಪಂಚಾಯತಿನ ಬಡ್ಸ್ ಎಂಬ ವಿಶೇಷ ಶಾಲೆಗಳಿವೆ. ಎರಡು ವರ್ಷದ ಮಗುವಿಗೆ? ನನ್ನ ಬಳಿ ಒಂದು ವರ್ಷ ಇದ್ದ ಹೆಣ್ಣುಮಗುವೊಂದಕ್ಕೆ ಸೆರೆಬ್ರಲ್ ಪಾಲ್ಸಿ, ಮೆದುಳಿಗಾದ ತೊಂದರೆಯಿಂದ ಮೈಯ ಸ್ನಾಯುಗಳು ಹಿಡಿತಕ್ಕೆ ಬಾರದ ಸ್ಥಿತಿ. ಕಾರಣ ಏನೋ ನನಗೆ ಗೊತ್ತಿಲ್ಲ. ಗಂಜಿ ನುಂಗುವುದೂ ಅದಕ್ಕೆ ಕಷ್ಟವಿತ್ತು. ಹೇಗೆ ಕೂರಿಸಿ ಉಣಿಸಬೇಕು, ತಲೆಗೆ ಎಲ್ಲಿ ಆಸರೆ ಕೊಡಬೇಕು ಎಂದು ತರಬೇತಿಯಲ್ಲಿ ಕೇಳಿದೆ. ಅದು ಸಿಲಬಸ್‌ನಲ್ಲಿ ಇಲ್ಲ ಎಂದರು. ಈ ಊರಿನಲ್ಲಿ ನಡೆಯುವ ಶಿಶುಪಾಲನೆಯ ತರಬೇತಿಯಲ್ಲಿ ಆ ಪಾಠ ಇಲ್ಲದಿದ್ದರೆ ಇನ್ನು ಯಾವ ಊರಿನಲ್ಲಿ ಇರಬೇಕು?

ಪ್ರಮಾಣಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಸರಕಾರದ ಮಾನ್ಯತೆ ಇದೆ ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಕೈಗೆ ಬಂದ ಕಾಗದದಲ್ಲಿ ಸಂಸ್ಥೆಯದೇ ಮುದ್ರೆ, ಸಂಸ್ಥೆಯದೇ ಸಹಿ. ವೃತ್ತಿ ತರಬೇತಿಗಳನ್ನು ನಿಯಂತ್ರಿಸಲು ಎನ್‌ಸಿವಿಇಟಿ ಎಂಬ ರಾಷ್ಟ್ರೀಯ ಪರಿಷತ್ತು ಇದೆ. ಅದರ ಅಂಗೀಕಾರ ಇರುವ ಕೋರ್ಸಿಗೆ ಮಟ್ಟವೂ ಸಂಕೇತ ಸಂಖ್ಯೆಯೂ ಇರುತ್ತವೆ. ಹಣ ಕಟ್ಟುವ ಮೊದಲು ಆ ಸಂಖ್ಯೆಯನ್ನು ಬರೆದು ಕೊಡಲು ಹೇಳಿ. ಪ್ಲಸ್ ಟು ಅಥವಾ ಪ್ರೀ ಡಿಗ್ರಿ ಆದವರಿಗೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಎಳೆಯ ಮಕ್ಕಳ ಪಾಲನೆ ಮತ್ತು ಶಿಕ್ಷಣದ ಡಿಪ್ಲೊಮಾ ಇದೆ, ಮನೆಯಲ್ಲಿದ್ದೇ ಓದಬಹುದು. ಅದಕ್ಕೆ ಸೇರುವ ಯೋಚನೆ ನನಗೂ ಇದೆ.

ನನ್ನ ದೊಡ್ಡಪ್ಪನ ಮೊಮ್ಮಗಳು ಇಂಗ್ಲೆಂಡಿನಲ್ಲಿ ನರ್ಸ್. ಅವಳ ಮಗುವನ್ನೂ ನನ್ನಂಥವಳೇ ಒಬ್ಬಳು ತನ್ನ ಮನೆಯಲ್ಲಿ ನೋಡಿಕೊಳ್ಳುತ್ತಾಳೆ. ಅಲ್ಲಿ ಆ ಕೆಲಸಕ್ಕೆ ಆಫ್‌ಸ್ಟೆಡ್ ಎಂಬ ಸರಕಾರಿ ಸಂಸ್ಥೆಯಲ್ಲಿ ಇಲ್ಲವೇ ಒಪ್ಪಿಗೆ ಪಡೆದ ಏಜೆನ್ಸಿಯಲ್ಲಿ ನೋಂದಣಿ ಮಾಡಿಸಬೇಕು, ಮನೆಯಲ್ಲಿರುವ ಹದಿನಾರು ದಾಟಿದ ಎಲ್ಲರ ಹಿನ್ನೆಲೆಯನ್ನೂ ಪರಿಶೀಲಿಸುತ್ತಾರೆ, ಮಕ್ಕಳ ಪ್ರಥಮ ಚಿಕಿತ್ಸೆಯ ತರಬೇತಿಯನ್ನು ಮೂರು ವರ್ಷಕ್ಕೊಮ್ಮೆ ಮತ್ತೆ ಪಡೆಯಬೇಕು. ಒಬ್ಬಳು ನೋಡಿಕೊಳ್ಳಬಹುದಾದದ್ದು ಎಂಟು ವರ್ಷದೊಳಗಿನ ಆರು ಮಕ್ಕಳನ್ನು. ಅವರಲ್ಲಿ ಐದು ವರ್ಷದೊಳಗಿನವರು ಮೂವರು, ಒಂದು ವರ್ಷದೊಳಗಿನದು ಸಾಮಾನ್ಯವಾಗಿ ಒಂದೇ. ನಮ್ಮಲ್ಲಿ ಹಾಗೆ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಇಲ್ಲ. ರಂಬುಟಾನ್ ಸಿಕ್ಕಿಕೊಂಡ ದಿನ ನನ್ನ ಜಗಲಿಯಲ್ಲಿ ಐದು ವರ್ಷದೊಳಗಿನ ಏಳು ಮಕ್ಕಳಿದ್ದರು. ಆ ಲೆಕ್ಕವನ್ನು ಫೋನಿನಲ್ಲಿ ಕೇಳಿದ ರಾತ್ರಿ ನಿದ್ದೆ ಬರಲಿಲ್ಲ. ಈಗ ನಾಲ್ವರನ್ನು ಮಾತ್ರ ತೆಗೆದುಕೊಳ್ಳುತ್ತೇನೆ, ಅದರಲ್ಲಿ ಕೈಕೂಸು ಒಂದೇ. ತಿಂಗಳ ದರವನ್ನು 3,000ದಿಂದ 4,000ಕ್ಕೆ ಏರಿಸಿದೆ. ಆದಾಯ ಕಡಿಮೆಯಾಗಿದೆ. ಕಾರಣ ಹೇಳಿದಾಗ ತಾಯಂದಿರು ಮರುಮಾತಿಲ್ಲದೆ ಕೊಟ್ಟರು. ಅವರಲ್ಲಿ ಒಬ್ಬರೂ ಪ್ರಮಾಣಪತ್ರ ತೋರಿಸಿ ಎನ್ನಲಿಲ್ಲ; ಬಾವಿಗೆ ಬಲೆ ಹಾಕಿದ್ದೀರಾ ಎಂದು ಕೇಳಿದರು. ಹಾಕಿದ್ದೇನೆ. ಕೆರೆಯ ಕಡೆಯ ದಾರಿಗೆ ಗೇಟು, ಅದಕ್ಕೆ ಎತ್ತರದಲ್ಲಿ ಚಿಲಕ. ಮೈಲುತುತ್ತು ಅಟ್ಟಕ್ಕೆ ಹೋಗಿದೆ, ಬೀಗದೊಳಗೆ.

ಆಟದ ತರಗತಿಯನ್ನು ಮರೆತೆ. ನಿವೃತ್ತ ಅಂಗನವಾಡಿ ಟೀಚರ್ ಒಬ್ಬರು ಎರಡು ದಿನ ಬಂದಿದ್ದರು. ಮಹಾರಾಷ್ಟ್ರದ ತಾರಾಬಾಯಿ ಮೋಡಕ್ ಅವರು ಶಾಲೆಗೆ ಬರಲಾಗದ ಮಕ್ಕಳಿದ್ದ ಅಂಗಳಕ್ಕೇ ಬಾಲವಾಡಿಯನ್ನು ಒಯ್ದ ಕಥೆ ಹೇಳಿ, “ನಿಮ್ಮ ಅಂಗಳದಲ್ಲಿ ಏನುಂಟು?” ಎಂದು ಕೇಳಿದರು. ತೆಂಗಿನ ಗೆರಟೆ, ಅಡಿಕೆ ಹಾಳೆ, ಹೊಯಿಗೆ ಎಂದರೆ ಮರಳು, ತೆಂಗಿನ ಗರಿ. ಹಾಳೆಯ ಮೇಲೆ ಕೂರಿಸಿ ಎಳೆಯುವಾಗ ಮಗು ಬೀಳದಂತೆ ಮೈ ಹಿಡಿಯಲು ಕಲಿಯುತ್ತದೆ, ಗೆರಟೆಯಿಂದ ಗೆರಟೆಗೆ ಹೊಯಿಗೆ ಸುರಿಯುವಾಗ ಕೈಯೂ ಕಣ್ಣೂ ಒಂದಾಗುತ್ತವೆ ಎಂದು ತೋರಿಸಿದರು. ಆ ವಾರವೇ ಪ್ಲಾಸ್ಟಿಕ್ ಆಟಿಕೆಗಳ ಪೆಟ್ಟಿಗೆಯನ್ನು ಒಳಗಿಟ್ಟೆ.

ಹಾಗಾದರೆ ಸೇರಬೇಕೇ? ಬರೆಯುವ ಪರೀಕ್ಷೆ, ಕಾಗದ, ಹದಿನಾಲ್ಕು ಪುಟದ ಬಾಲ್ಕನಿ ಬೇಕೆಂದಾದರೆ ಬೇಡ. ಮನೆಯಲ್ಲಿ ಬೇರೆಯವರ ಒಂದು ಮಗುವನ್ನಾದರೂ ನೋಡಿಕೊಳ್ಳುವವರು ಸಿಸ್ಟರ್ ಕಲಿಸಿದಂಥ ನಾಲ್ಕು ದಿನಗಳಿಗಾಗಿ ಎಷ್ಟು ದೂರ ಬೇಕಾದರೂ ಹೋಗಬೇಕು. ಪರೀಕ್ಷೆಯಲ್ಲಿ ಸೋತ ಗೆಳತಿಯೂ ನಾನೂ ಕಳೆದ ತಿಂಗಳು ಸಿಸ್ಟರ್ ಅವರ ಮನೆಗೆ ಹೋಗಿ, ನಮ್ಮ ಊರಿಗೇ ಬಂದು ತುಳು, ಕನ್ನಡದಲ್ಲಿ ಹೇಳಿಕೊಡುತ್ತೀರಾ ಎಂದು ಕೇಳಿದೆವು. ಎಂಟು ಜನ ಸೇರಿಸಿ, ಗೊಂಬೆ ನಾನೇ ತರುತ್ತೇನೆ ಎಂದಿದ್ದಾರೆ. ಈಗ ಆರು ಜನ ಆಗಿದ್ದೇವೆ. ಆರನೆಯವರು, ರಂಬುಟಾನ್ ಹುಡುಗನ ತಾಯಿ.